ಟ್ಯಾಂಕಕ್ಕ ಕೊರೆದ ತೂತು

ಟ್ಯಾಂಕಕ್ಕನ ಜೊತೆ ಪೇಟೆಗೆ ಹೊರಟರೆ ಹೊತ್ತಿಗೆ ಸರಿಯಾಗಿ ಮನೆ ಸೇರುವ ಆಸೆ ಬಿಟ್ಟುಬಿಡಬೇಕು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ಬಸ್ ನಿಲ್ದಾಣದ ನೀಲಿ ಫೈಬರ್ ಕುರ್ಚಿ ಕಂಡರೆ ಬೆರಳಿನ ಗೆಣ್ಣಿನಿಂದ ಟಕ್ ಎಂದು ತಟ್ಟುತ್ತಾಳೆ. ಪಾರ್ಕಿನ ಜಾರುಬಂಡೆಯನ್ನು ತಟ್ಟುತ್ತಾಳೆ. ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಂತಿರುವ ಆಳೆತ್ತರದ ಕೋನನ್ನೂ ಬಿಡುವುದಿಲ್ಲ. ತಟ್ಟಿ, ತಲೆ ಓರೆ ಮಾಡಿ ಕೇಳಿ, "ಇದು ನಂದೇ" ಎಂದೋ, "ಥೂ, ಯಾರೋ ಅವಸರದಲ್ಲಿ ಮಾಡಿದ್ದು" ಎಂದೋ ತೀರ್ಪು ಕೊಟ್ಟು ಮುಂದೆ ಹೋಗುತ್ತಾಳೆ. ಊರಿನ ಅರ್ಧ ಮನೆಗಳ ತಾರಸಿಯ ಮೇಲೆ ಕೂತಿರುವ ಫೈಬರಿನ ನೀರಿನ ಟ್ಯಾಂಕುಗಳು ಅವಳ ಕೈಯಲ್ಲೇ ಹುಟ್ಟಿದವು. ಈಗ ಅವಳಿಗೆ ಅರವತ್ತೊಂದು. ಕೋಪ ಮೂಗಿನ ತುದಿಯಲ್ಲಿ, ಹೆಮ್ಮೆಯೂ ಅಲ್ಲೇ. ಎರಡಕ್ಕೂ ಜಾಗ ಸಾಲದೆ ಆಗಾಗ ಜಗಳ ಹತ್ತಿಕೊಳ್ಳುತ್ತದೆ.

ಅವಳ ಗಂಡನ ಜೊತೆ ಹೊರಟರೆ ಕಥೆ ಇನ್ನೊಂದು ಥರ. ಅವನ ಹತ್ತಿರ ಹಳೆಯ ಸ್ಕೂಟರ್ ಇದೆ. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತಾನೆ. ತಿರುವು ಬಂತೋ, ಮುಗಿಯಿತು. ಸ್ಕೂಟರ್ ನಿಲ್ಲಿಸುತ್ತಾನೆ, ಎರಡೂ ಕಾಲು ನೆಲಕ್ಕೂರುತ್ತಾನೆ, ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತಾ ಗಾಡಿಯನ್ನು ತಿರುಗಿಸಿಕೊಂಡು ಮತ್ತೆ ಹೊರಡುತ್ತಾನೆ. ಹಿಂದೆ ಕೂತ ಟ್ಯಾಂಕಕ್ಕ ಪ್ರತಿ ಮೂಲೆಯಲ್ಲೂ ಇಳಿದು, ನಾಲ್ಕು ಹೆಜ್ಜೆ ನಡೆದು, ಆಚೆ ಹತ್ತಿಕೊಳ್ಳುತ್ತಾಳೆ. ಬೇಕರಿ ಮೂಲೆಯಲ್ಲಿ ಕೂತವರಿಗೆ ಇದೊಂದು ದಿನನಿತ್ಯದ ನಾಟಕ. ಒಂದು ಕಾಲದಲ್ಲಿ ಈ ಮನುಷ್ಯ ಊರಿಗೆಲ್ಲಾ ಒಬ್ಬನೇ ಸ್ಪೀಡ್‌ಬೋಟ್ ಡ್ರೈವರ್ ಆಗಿದ್ದ ಎಂದರೆ ಈಗಿನವರು ನಗುತ್ತಾರೆ. ನಗದವರು, ಅಂದರೆ ವಯಸ್ಸಾದವರು, ಅವನನ್ನು ಮುಳುಗಣ್ಣ ಎನ್ನುತ್ತಾರೆ. ಅದು ನಗುವುದಕ್ಕಿಂತ ಕೆಟ್ಟದ್ದು.

ಇದಕ್ಕೆಲ್ಲಾ ಮೂಲ ಒಂದು ದೋಣಿ. ಟ್ಯಾಂಕಕ್ಕ ಇಪ್ಪತ್ತು ವರ್ಷದವಳಿದ್ದಾಗ, ಟ್ಯಾಂಕ್ ಕಾರ್ಖಾನೆಗೆ ಸೇರಿ ಎರಡನೇ ವರ್ಷ, ಕೆರೆಯ ಬೋಟ್‌ಹೌಸಿನವರು ಬಂದು ಸ್ಪೀಡ್‌ಬೋಟ್ ಮಾಡಿಕೊಡುತ್ತೀರಾ ಎಂದು ಕೇಳಿದರು. ಕಾರ್ಖಾನೆಯ ಯಜಮಾನರು ಅಲ್ಲಿಯವರೆಗೆ ದೋಣಿ ಇರಲಿ, ಬಕೆಟ್ಟನ್ನೂ ಮಾಡಿದವರಲ್ಲ. ಆದರೂ ಆಗಲ್ಲ ಎನ್ನುವ ಮಾತು ಅವರ ಬಾಯಲ್ಲಿ ಬರುವಂಥದ್ದಲ್ಲ. "ಹೆದರ್ಕೋಬೇಡಮ್ಮ. ಟ್ಯಾಂಕು ನೀರನ್ನ ಒಳಗಿಟ್ಕೊಳ್ಳತ್ತೆ, ದೋಣಿ ಹೊರಗಿಡತ್ತೆ, ಅಷ್ಟೇ ವ್ಯತ್ಯಾಸ" ಎಂದು ಕೆಲಸವನ್ನು ಅವಳ ತಲೆಗೆ ಕಟ್ಟಿದರು.

ಅವಳೂ ಹಾಗೇ ಮಾಡಿದಳು. ಅಚ್ಚಿಗೆ ಮೇಣ ತಿಕ್ಕಿದಳು, ಗಾಜಿನ ನಾರಿನ ಮ್ಯಾಟ್ ಹಾಸಿದಳು, ಒಣಗಿ ಕಲ್ಲಾಗುವ ರೆಸಿನ್ ಅಂಟು ಬಳಿದಳು, ಗಾಳಿ ಗುಳ್ಳೆ ಒಂದೂ ಉಳಿಯದ ಹಾಗೆ ರೋಲರ್ ಎಳೆದಳು. ಪದರದ ಮೇಲೆ ಪದರ. ದೋಣಿಯ ಹಿಂಬದಿಯಲ್ಲಿ ಮೋಟರ್ ತೂಗುವ ಗೋಡೆ ಇರುತ್ತದಲ್ಲ, ಟ್ರಾನ್ಸಮ್ ಎನ್ನುತ್ತಾರೆ, ಅದು ಬರೀ ಫೈಬರ್ ಆದರೆ ಮೋಟರಿನ ಭಾರಕ್ಕೆ ತಡೆಯುವುದಿಲ್ಲ. ಹಾಗಾಗಿ ನಡುವೆ ದಪ್ಪ ಪ್ಲೈವುಡ್ ಹಲಗೆ ಇಟ್ಟು ಎರಡೂ ಕಡೆ ಫೈಬರ್ ಹೊದಿಸಿದಳು, ಎರಡು ಬ್ರೆಡ್ಡಿನ ನಡುವೆ ಬೆಣ್ಣೆ ಇಟ್ಟ ಹಾಗೆ. ಕೊನೆಗೆ, ಒಳಗೆ ಸೇರಿದ ನೀರು ಹೊರಗೆ ಬಿಡಲು ಅದೇ ಗೋಡೆಯ ಕೆಳಗೊಂದು ತೂತು ಕೊರೆದು ಬಿರಡೆ ಹಾಕಿದಳು. ಕೆಂಪು ಬಣ್ಣ, ಪಕ್ಕಕ್ಕೊಂದು ಬಿಳಿ ಪಟ್ಟೆ. ಲಾರಿಯ ಮೇಲೆ ದೋಣಿ ಹೊರಟಾಗ ಅವಳೂ ಹತ್ತಿ ಕೂತಳು. ಮಗಳನ್ನು ಕಳಿಸಿಕೊಡುವ ತಾಯಿಯ ಹಾಗೆ ಬೋಟ್‌ಹೌಸಿನ ಡ್ರೈವರಿಗೆ ನೂರೆಂಟು ಎಚ್ಚರಿಕೆ ಹೇಳಿದಳು. ಆ ತೆಳ್ಳನೆಯ ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟೊಂದು ನೆನಪಿರಲ್ಲ, ನೀವೇ ವಾರಕ್ಕೊಂದ್ಸಲ ಬಂದು ಹೇಳಿ" ಎಂದ. ಅವಳು ಹೋದಳು. ಒಂದು ವರ್ಷದಲ್ಲಿ ಮದುವೆಯಾಯಿತು.

ಹದಿನೇಳು ವರ್ಷ ಅವನು ಆ ದೋಣಿ ಓಡಿಸಿದ. ಕೆರೆಯ ನಡುವೆ ನೀರಿನ ಮಟ್ಟ ಅಳೆಯುವ ಒಂದು ಕಂಬವಿದೆ. ಕಟ್ಟೆಯಿಂದ ಹೊರಟು ಕಂಬದವರೆಗೆ ನೇರ ಓಟ, ಅಲ್ಲಿ ಒಂದು ಬಿಗಿಯಾದ ತಿರುವು, ಮತ್ತೆ ವಾಪಸ್ಸು. ಜನ ಟಿಕೆಟ್ ತೆಗೆದುಕೊಳ್ಳುತ್ತಿದ್ದುದೇ ಆ ತಿರುವಿಗೆ. ದೋಣಿ ಒಂದು ಪಕ್ಕಕ್ಕೆ ವಾಲಿ, ಇನ್ನೊಂದು ಪಕ್ಕದಿಂದ ನೀರಿನ ಗೋಡೆ ಎದ್ದು, ಕೂತವರು ಕಿರುಚಿ, ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿ, ಅಬ್ಬಬ್ಬಾ! ಅವನ ತಿರುವನ್ನು ನೋಡಿದವರು ಈಗಲೂ ಇದ್ದಾರೆ.

ಹದಿನೇಳನೇ ವರ್ಷದ ಒಂದು ಭಾನುವಾರ ಅದೇ ತಿರುವಿನಲ್ಲಿ ಟ್ರಾನ್ಸಮ್ ಪಟ್ ಎಂದು ಸೀಳಿತು. ಇಡೀ ಕಟ್ಟೆ ನೋಡನೋಡುತ್ತಿದ್ದಂತೆ ಮೋಟರ್ ಕಳಚಿಕೊಂಡು ಗುಳುಂ ಎಂದು ಕೆರೆ ಸೇರಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಡ್ರೈವರನ್ನೂ ಇಬ್ಬರು ಪ್ರವಾಸಿಗಳನ್ನೂ ಪೆಡಲ್ ದೋಣಿ ಕಟ್ಟಿ ಎಳೆದು ತಂದರು. ಕೊಕ್ಕರೆ ಆಕಾರದ ಪೆಡಲ್ ದೋಣಿ ಅದು. ಅವಮಾನಕ್ಕೆ ಇನ್ನೇನು ಬೇಕು?

ಆಗಿನ ಮೇನೇಜರ್ ವಿಚಾರಣೆ ಮಾಡಿದ. ದೋಣಿ ಮಾಡಿದವಳು ಎಂದು ಟ್ಯಾಂಕಕ್ಕನನ್ನೂ ಕರೆಸಿದ. ಸೀಳಿದ ಜಾಗದಲ್ಲಿ ಒದ್ದೆ ಮರದ ಪುಡಿ ಇತ್ತು, ಆದರೆ ನೀರಿನಲ್ಲಿ ನೆನೆದದ್ದು ಒದ್ದೆಯಾಗದೆ ಇರುತ್ತದೆಯೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ದೋಣಿಯಲ್ಲಿ ಏನಾದರೂ ದೋಷ ಇತ್ತಾ?" ಎಂದು ಕೇಳಿದಾಗ ಅವಳಿಗೆ ಮೈ ಉರಿಯಿತು. ತನ್ನ ಕೈಯ ಕೆಲಸವನ್ನು ಹೀಗೆ ಕೇಳುವುದೇ? ದೋಣಿಯ ಪಕ್ಕಗಳನ್ನು ಉದ್ದಕ್ಕೂ ತಟ್ಟಿ ತೋರಿಸಿದಳು. ಟಣ್, ಟಣ್, ಟಣ್. "ನೀವೇ ಕೇಳಿ. ಹದಿನೇಳು ವರ್ಷದಲ್ಲಿ ಒಂದು ಹನಿ ಒಳಗೆ ಬಿಟ್ಟಿಲ್ಲ. ನನ್ನ ಕೆಲಸದಲ್ಲಿ ದೋಷ ಇಲ್ಲ" ಎಂದಳು, ಕಡ್ಡಿ ಮುರಿದ ಹಾಗೆ. ಗಂಡ ಪಕ್ಕದಲ್ಲೇ ನಿಂತಿದ್ದ. ದೋಣಿಯಲ್ಲಿ ದೋಷವಿಲ್ಲ ಎಂದ ಮೇಲೆ ಉಳಿದವನು ಓಡಿಸಿದವನು. ದಾಖಲೆ ಪುಸ್ತಕದಲ್ಲಿ "ಚಾಲಕನ ಅತಿವೇಗ" ಎಂದು ಬರೆದರು. ಅವನನ್ನು ಟಿಕೆಟ್ ಕೌಂಟರಿಗೆ ಹಾಕಿದರು. ನಿವೃತ್ತಿಯವರೆಗೆ ಅವನು ಕಿಂಡಿಯ ಹಿಂದೆ ಕೂತು, ಕೆರೆಗೆ ಬೆನ್ನು ಹಾಕಿ, ಟಿಕೆಟ್ ಹರಿದು ಕೊಟ್ಟ. ಅಂದಿನಿಂದ ಯಾವ ಗಾಡಿಯನ್ನೂ ವಾಲಿಸಿ ತಿರುಗಿಸಲಿಲ್ಲ.

ಇದೆಲ್ಲಾ ಆಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಬೋಟ್‌ಹೌಸಿಗೆ ಹೊಸ ಮೇನೇಜರಮ್ಮ ಬಂದಳು. ಚುರುಕು ಹೆಂಗಸು. ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಬಿದ್ದಿದ್ದ ಕೆಂಪು ದೋಣಿಯನ್ನು ನೋಡಿ, ಗುಜರಿಗೆ ಹಾಕುವ ಮೊದಲು ಒಂದು ಮಾತು ಕೇಳೋಣ ಎಂದು ಟ್ಯಾಂಕಕ್ಕನಿಗೆ ಫೋನ್ ಮಾಡಿದಳು. "ಅಮ್ಮ, ಇದು ಮತ್ತೆ ನೀರಿಗಿಳಿಯುತ್ತಾ? ಆಗಲ್ಲ ಅಂದ್ರೆ ಕಟ್ ಮಾಡಿಸಿಬಿಡ್ತೀನಿ."

"ಕಟ್ ಮಾಡೋರ ಕೈ ಕಟ್ ಮಾಡ್ತೀನಿ" ಎಂದಳು ಟ್ಯಾಂಕಕ್ಕ. "ನಾಳೆ ಬರ್ತೀನಿ. ಯಾರೂ ಮುಟ್ಟಬೇಡಿ."

ಗಂಡ ಟೀ ಕುಡಿಯುತ್ತಿದ್ದ. ಲೋಟದಿಂದ ಮುಖ ಎತ್ತದೆ, "ಬೇಡ ಕಣೆ, ಬಿಡು" ಎಂದ.

"ಯಾಕೆ ಬಿಡಬೇಕು? ಹಲಗೆ ಬದಲಾಯಿಸಿದರೆ ಇನ್ನೂ ನಲವತ್ತು ವರ್ಷ ಓಡತ್ತೆ. ಆಮೇಲೆ ನೀವೇ ಓಡಿಸಿ, ಊರಿನವರ ಬಾಯಿ ಮುಚ್ಚಿಸೋಣ."

"ನಾನು ಓಡಿಸಲ್ಲ." ಅಷ್ಟೇ ಹೇಳಿ ಅವನು ಎದ್ದು ಹೋದ. ಅವಳಿಗೆ ಅದೇ ಸಾಕಾಯಿತು. ಹಟ ಹಿಡಿಯುವುದಕ್ಕೆ ಅವಳಿಗೆ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಈ ಮನುಷ್ಯನನ್ನು ಮತ್ತೆ ಆ ಸ್ಟೇರಿಂಗಿನ ಹಿಂದೆ ಕೂರಿಸದಿದ್ದರೆ ತನ್ನ ಹೆಸರು ಟ್ಯಾಂಕಕ್ಕನೇ ಅಲ್ಲ ಎಂದುಕೊಂಡಳು.

ಕೆಲಸಕ್ಕೆ ನಾದಿನಿಯನ್ನು ಕರೆದುಕೊಂಡಳು. ಗಂಡನ ತಂಗಿ, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಕತ್ತರಿಯಷ್ಟೇ ಹರಿತ ಅವಳ ನಾಲಿಗೆ. ಅಣ್ಣನ ಕೆಲಸ ಕಿತ್ತುಕೊಂಡ ಬೋಟ್‌ಹೌಸಿನವರಿಗೆ ಇಪ್ಪತ್ತನಾಲ್ಕು ವರ್ಷದಿಂದ ತಪ್ಪದೆ ಶಾಪ ಹಾಕುತ್ತಾ ಬಂದವಳು. "ಆ ಜಾಗಕ್ಕೆ ಕಾಲಿಡಲ್ಲ ಅಂದಿದ್ದೆ. ನಿಮಗೋಸ್ಕರ ಬರ್ತೀನಿ ಅತ್ತಿಗೆ. ಅಳತೆ ತೆಗೆಯೋಕೆ ನಿಮಗೆ ಬರಲ್ಲ" ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದಳು.

ದೋಣಿ ನಾಲ್ಕು ಕಾಲಿನ ಮರದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಕೆಂಪು ಬಣ್ಣ ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಸಂಸಾರ ಹೂಡಿತ್ತು. ಟ್ಯಾಂಕಕ್ಕ ಸುತ್ತ ಒಂದು ಸುತ್ತು ಬಂದು ಪಕ್ಕಗಳನ್ನು ತಟ್ಟಿದಳು. ಟಣ್, ಟಣ್. ಕಣ್ಣಲ್ಲಿ ನೀರು ಬಂತು, ಧೂಳಿನ ಮೇಲೆ ಹಾಕಿದಳು. ಆಮೇಲೆ ಹಿಂದಕ್ಕೆ ಬಂದು ಟ್ರಾನ್ಸಮ್ಮನ್ನು ತಟ್ಟಿದಳು. ಡಬ್. ಒಳಗೆ ಹಿಟ್ಟು ತುಂಬಿದ ಡಬ್ಬದ ಸದ್ದು. ಅದು ನಿರೀಕ್ಷಿಸಿದ್ದೇ.

ಹೊರಗಿನ ಚರ್ಮ ಹಾಗೇ ಉಳಿಯಲಿ, ದೋಣಿಯ ಆಕಾರ ಕೆಡಬಾರದು ಎಂದು ಒಳಗಿನಿಂದಲೇ ಕೆಲಸ ಶುರು ಮಾಡಿದಳು. ಮುಖಕ್ಕೆ ಮಾಸ್ಕ್, ಮೈಗೆ ಉದ್ದ ತೋಳಿನ ಅಂಗಿ, ಗ್ರೈಂಡರಿನಿಂದ ಒಳಪದರವನ್ನು ಸುತ್ತಲೂ ಕತ್ತರಿಸಿ ಬಾಗಿಲಿನ ಹಾಗೆ ತೆಗೆದಳು. ಫೈಬರ್ ಧೂಳು ಕುತ್ತಿಗೆಗೆ ಬಿದ್ದು ನಾದಿನಿ ತುರಿಸಿಕೊಂಡು ಕುಣಿದಳು. ಒಳಗಿನ ಪ್ಲೈವುಡ್ಡಿನ ಕೆಳಭಾಗ ಉಳಿ ಸುತ್ತಿಗೆಯ ಅಗತ್ಯವೇ ಇಲ್ಲದೆ ಬೆರಳಿಗೆ ಬಂತು. ಕಪ್ಪಗೆ, ಹಳೆಯ ಟೀ ಸೊಪ್ಪಿನ ವಾಸನೆ.

ಮಧ್ಯಾಹ್ನ ನಾದಿನಿ ಟೀ ತರಲು ಹೋದಾಗ ಟ್ಯಾಂಕಕ್ಕ ಉಳಿದ ತುಂಡುಗಳನ್ನು ನೆಲದ ಮೇಲೆ ಮೊದಲಿದ್ದಂತೆ ಜೋಡಿಸಿ ನೋಡಿದಳು. ಎಲ್ಲಿಂದ ಕೊಳೆಯಿತು ಎಂದು ನೋಡುವುದು ಅವಳ ಅಭ್ಯಾಸ. ಮೋಟರಿನ ನಾಲ್ಕು ಬೋಲ್ಟ್ ತೂತುಗಳಿಂದ ನೀರು ಇಳಿದಿರುತ್ತದೆ, ಇನ್ನೆಲ್ಲಿಂದ, ಎಂದುಕೊಂಡಿದ್ದಳು. ಮೇಲಿನ ಎರಡು ತೂತುಗಳ ಅರ್ಧ ಭಾಗ ಉಳಿದಿತ್ತು. ಅದರ ಒಳಮೈಗೆ ಸುತ್ತಲೂ ಕಪ್ಪು ಅಂಟು ಬಳಿದಿತ್ತು, ನೀಟಾಗಿ, ಬೆರಳಿನಿಂದ ಒತ್ತಿ ಒತ್ತಿ. ಮೋಟರ್ ಕೂರಿಸುವಾಗ ಗಂಡ ಬಳಿದದ್ದು. ಅದರ ಸುತ್ತಲಿನ ಮರ ಹೊಸದರ ಹಾಗೆ ಹೊಂಬಣ್ಣಕ್ಕಿತ್ತು, ಉಗುರು ಊರಲಿಲ್ಲ. ಕಪ್ಪು ಕಲೆ ಶುರುವಾದದ್ದು ಕೆಳಗಿನಿಂದ. ಒಂದೇ ಒಂದು ಬಿಂದುವಿನಿಂದ ಹೊರಟು, ಮೇಲಕ್ಕೆ, ಪಕ್ಕಕ್ಕೆ ಹರಡಿ, ಕೆಳಗಿನ ಬೋಲ್ಟುಗಳವರೆಗೆ ಏರಿತ್ತು. ಆ ಬಿಂದು ನೀರು ಹೊರಗೆ ಬಿಡುವ ತೂತು. ಅವಳು ಕೊರೆದ ತೂತು.

ಅದರ ಒಳಮೈ ಬರೀ ಮರ. ಅಂಟಿಲ್ಲ, ರೆಸಿನ್ ಇಲ್ಲ, ಏನೂ ಇಲ್ಲ. ಟ್ಯಾಂಕಿಗೆ ಪೈಪಿನ ತೂತು ಹೇಗೆ ಕೊರೆಯುತ್ತಿದ್ದಳೋ ಹಾಗೇ ಕೊರೆದು ಕೈ ತೊಳೆದುಕೊಂಡಿದ್ದಳು. ಟ್ಯಾಂಕಿನ ಗೋಡೆಯಲ್ಲಿ ಮರ ಇರುವುದಿಲ್ಲ. ತೂತಿನ ಅಂಚು ಬರಿದಾಗಿದ್ದರೂ ಅಲ್ಲಿ ಕೊಳೆಯಲು ಏನೂ ಇಲ್ಲ. ದೋಣಿಯಲ್ಲಿ ಇತ್ತು. ಹದಿನೇಳು ವರ್ಷ ಆ ಹಲಗೆ ಅವಳ ತೂತಿನಿಂದ ನೀರು ಕುಡಿಯಿತು.

ಟ್ಯಾಂಕಕ್ಕ ಸ್ಟ್ಯಾಂಡಿನ ಕಾಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅಂದು ತಟ್ಟಿ ತೋರಿಸಿದ್ದು ಪಕ್ಕಗಳನ್ನು. ಹಿಂಬದಿಯ ಕೆಳಭಾಗವನ್ನು ತಟ್ಟಲೇ ಇಲ್ಲ. ಗೊತ್ತಿದ್ದೂ ಮುಚ್ಚಿಟ್ಟದ್ದಲ್ಲ. ಅದಕ್ಕಿಂತ ನಾಚಿಕೆಗೇಡು. ನೋಡುವ ಅಗತ್ಯವೇ ಇಲ್ಲ ಅನ್ನಿಸಿತ್ತು.

"ಎಲ್ಲಿಂದ ಕೊಳೆತಿದ್ದು ಅತ್ತಿಗೆ?" ಎಂದಳು ನಾದಿನಿ, ಟೀ ಹಿಡಿದುಕೊಂಡು ಬಂದು.

"ಹಳೇ ಮರ. ಇನ್ನೇನು" ಎಂದಳು ಟ್ಯಾಂಕಕ್ಕ. ಟೀ ಲೋಟವನ್ನು ಪಕ್ಕಕ್ಕಿಟ್ಟಳು. ತುಂಡುಗಳನ್ನು ಗುಜರಿಯ ರಾಶಿಗೆ ಎಸೆದರೆ ಮುಗಿಯಿತು, ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಕಾರ್ಖಾನೆಯ ಯಜಮಾನರೂ ತೀರಿಹೋಗಿದ್ದಾರೆ. ಅವಳ ಹೆಸರು ಅವಳದ್ದಾಗಿಯೇ ಉಳಿಯುತ್ತದೆ, ಅವನದು ಮುಳುಗಣ್ಣ. ಸಂಜೆ ಹೊರಡುವಾಗ ತುಂಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಮಾರನೇ ಬೆಳಗ್ಗೆ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಅವಳು ಆ ಪೊಟ್ಟಣ ತಂದು ಮೇಜಿನ ಮೇಲೆ ಬಿಚ್ಚಿದಳು. ಜೋಡಿಸಿದಳು. ಬೆರಳಿಟ್ಟು ತೋರಿಸಿದಳು. "ಇದು ನೀವು ಬಳಿದ ಅಂಟು. ಇಲ್ಲಿ ಮರ ಗಟ್ಟಿ ಇದೆ. ಇದು ನಾನು ಕೊರೆದ ತೂತು. ಇಲ್ಲಿಂದ ಕೊಳೆತದ್ದು. ನೀವು ಜೋರಾಗಿ ತಿರುಗಿಸಿದ್ದಕ್ಕಲ್ಲ ಕಣ್ರೀ. ನಾನು ಮಾಡಿದ್ದು."

ಅವನು ಬೆಣ್ಣೆಯ ಚಾಕು ಕೆಳಗಿಟ್ಟ. ಕನ್ನಡಕ ಹಾಕಿಕೊಂಡು ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದ. "ಹಾಗಾದ್ರೆ ಅವತ್ತು ನಾನು ಅತಿಯಾಗಿ ತಿರುಗಿಸಿರಲಿಲ್ಲ?" ಎಂದ, ಕಡೆಗೆ.

"ಯಾವಾಗಲೂ ತಿರುಗಿಸೋ ಹಾಗೇ ತಿರುಗಿಸಿದ್ರಿ."

"ನಾನು ಇಪ್ಪತ್ನಾಲ್ಕು ವರ್ಷ ಲೆಕ್ಕ ಹಾಕಿದೀನಿ. ಕಂಬದಿಂದ ಎಷ್ಟು ದೂರ ಇದ್ದೆ, ಕೈ ಎಷ್ಟು ತಿರುಗಿಸಿದೆ ಅಂತ. ಎಷ್ಟು ಲೆಕ್ಕ ಹಾಕಿದ್ರೂ ತಪ್ಪು ಸಿಗ್ತಿರ್ಲಿಲ್ಲ. ಸಿಗದೇ ಇದ್ದದ್ದಕ್ಕೇ ಭಯ ಆಗ್ತಿತ್ತು." ಅವನು ತುಂಡನ್ನು ಕೆಳಗಿಟ್ಟ. "ಮೋಟರ್ ಹೋದದ್ದಕ್ಕೆ ನನಗೆ ಅಷ್ಟು ನೋವಾಗ್ಲಿಲ್ಲ ಕಣೆ. ನೀನು ದೋಣಿ ತಟ್ಟಿ ತಟ್ಟಿ ತೋರಿಸಿದೆಯಲ್ಲ, ಅದು ನೋವಾಯ್ತು. ನನ್ನ ಕಡೆ ಒಂದ್ಸಲಾನೂ ತಿರುಗಿ ನೋಡ್ಲಿಲ್ಲ ನೀನು."

ಬಾಯಿ ಜೋರಿನ ಟ್ಯಾಂಕಕ್ಕ "ತಪ್ಪಾಯ್ತು" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಅವನು ಬ್ರೆಡ್ಡನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಅವಳು ಶೆಡ್ಡಿಗೆ ಹೋಗಿ ತಲೆ ತಗ್ಗಿಸಿ ಕೆಲಸ ಮಾಡಿದಳು. ಕೆಲಸ ಬಿಟ್ಟರೆ ಅವಳಿಗೆ ಬೇರೆ ಸಮಾಧಾನ ಗೊತ್ತಿರಲಿಲ್ಲ. ಕೊಳೆತದ್ದೆಲ್ಲಾ ಕೆರೆದು, ಹೊರಚರ್ಮದ ಒಳಮೈಯನ್ನು ಉಜ್ಜಿ, ಬಿಸಿಲಿಗೆ ಒಣಗಿಸಿದಳು. ನಾದಿನಿ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಅಳತೆ ತೆಗೆದಳು. "ಕೋಟಿನ ಬೆನ್ನು ಕತ್ತರಿಸಿದ ಹಾಗೇ ಅತ್ತಿಗೆ. ಎಡಭುಜ ಬಲಭುಜ ಒಂದೇ ಇಲ್ಲ ನೋಡಿ ನಿಮ್ಮ ದೋಣಿಗೆ" ಎಂದು ಆಡಿಕೊಂಡಳು. ಎರಡು ಪ್ಲೈವುಡ್ ಹಲಗೆ ಕೂಡಿಸಿ ಅಂಟಿಸಿ, ಆ ಅಳತೆಗೆ ಕೊಯ್ದು, ಎಲ್ಲಾ ಅಂಚಿಗೂ ಮೂರು ಸಲ ರೆಸಿನ್ ಕುಡಿಸಿದರು.

ನಾಲ್ಕನೇ ದಿನ ಬೆಳಗ್ಗೆ ಹಲಗೆ ಕೂರಿಸುವ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಗಂಡ. ಕೈಯಲ್ಲಿ ಕಪ್ಪು ಅಂಟಿನ ಟ್ಯೂಬು, ಒಂದು ಹಳೆಯ ಚಪ್ಪಟೆ ಚಾಕು.

"ತೂತಿನ ಕೆಲಸ ನಾನು ಮಾಡ್ತೀನಿ. ನಿನ್ನ ತೂತಿನ ಮೇಲೆ ನಂಗೆ ನಂಬಿಕೆ ಇಲ್ಲ" ಎಂದ.

ಟ್ಯಾಂಕಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮೊದಲು ಆ ಕ್ಲಾಂಪ್ ಹಿಡೀರಿ. ರೆಸಿನ್ ಕಾಯಲ್ಲ" ಎಂದು ಗದರಿದಳು.

ರೆಸಿನ್ ನಿಜವಾಗಿಯೂ ಕಾಯುವುದಿಲ್ಲ. ಗಟ್ಟಿ ಮಾಡುವ ಹಾರ್ಡನರ್ ಬೆರೆತ ಮೇಲೆ ಅದು ಯಾರ ಮಾತಿಗೂ ಸೊಪ್ಪು ಹಾಕುವುದಿಲ್ಲ. ಬಿಸಿಲು ನೋಡಿ ಅವಳು ಹನಿ ಎಣಿಸಿ ಹಾಕಿದಳು, ಪುಡಿ ಬೆರೆಸಿ ಗಟ್ಟಿ ಮಾಡಿದಳು, ಹೊರಚರ್ಮದ ಒಳಮೈಗೆ ಮೆತ್ತಿದಳು. ಹಲಗೆ ಕೂತಿತು. ಮೂವರೂ ಹನ್ನೆರಡು ಕ್ಲಾಂಪ್ ಬಿಗಿದರು. ಅಂಚಿನ ಉದ್ದಕ್ಕೂ ಎಲ್ಲಾ ಕಡೆಯಿಂದ ಅಂಟು ಒಂದೇ ಸಮನಾಗಿ ಹೊರಗೆ ಉಕ್ಕಿತು. ಎಲ್ಲೂ ಪೊಳ್ಳು ಉಳಿದಿಲ್ಲ ಎನ್ನುವುದಕ್ಕೆ ಅದೇ ಗುರುತು. ಮಾರನೆಯ ದಿನ ಮ್ಯಾಟ್ ಹಾಸಿದರು. ನಾದಿನಿ ಕತ್ತರಿಸಿ ಕೊಟ್ಟಳು, ಟ್ಯಾಂಕಕ್ಕ ಬಳಿದು ರೋಲರ್ ಎಳೆದಳು. ಆ ಕೈ ಓಡುವುದನ್ನು ನೋಡಬೇಕಿತ್ತು! ಅರವತ್ತೊಂದು ವರ್ಷದ ಮಣಿಕಟ್ಟು ಅದು. ಒಂದು ಗುಳ್ಳೆ ಎದ್ದರೆ ಅದು ಓಡಿಹೋಗುವವರೆಗೆ ಬಿಡದೆ ಅಟ್ಟುತ್ತಿತ್ತು. ಬೋಟ್‌ಹೌಸಿನ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ಗಂಡನೂ ನೋಡಿದ, ನಲವತ್ತು ವರ್ಷದ ಹಿಂದೆ ಅವಳನ್ನು ನೋಡಿದ್ದ ಹಾಗೆ.

ಆಮೇಲೆ ತೂತು. ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಅದನ್ನು ಪೂರ್ತಿ ರೆಸಿನ್ನಿನಿಂದ ತುಂಬಿ, ಕಲ್ಲಾದ ಮೇಲೆ ಅದರ ನಡುವೆ ಸಣ್ಣದಾಗಿ ಮತ್ತೆ ಕೊರೆಯಬೇಕು. ಆಗ ನೀರಿಗೆ ಮರದ ಮುಖವೇ ಕಾಣುವುದಿಲ್ಲ. ಐದು ತೂತುಗಳನ್ನೂ ಹಾಗೇ ಮಾಡಿದರು. ಡ್ರಿಲ್ ಹಿಡಿದವಳು ಅವಳು. ಒಂದೊಂದಾದ ಮೇಲೂ ಅವನು ಬೆರಳು ತೂರಿಸಿ, ಒಳಗೆ ಸುತ್ತಲೂ ತಡವಿ, "ಹ್ಞೂಂ, ಮುಂದಿಂದು" ಎನ್ನುತ್ತಿದ್ದ. ಅವಳ ಕೆಲಸಕ್ಕೆ ಹೀಗೆ ತನಿಖೆ ಮಾಡಿದವರು ಅವಳ ಜೀವಮಾನದಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಡ್ರಿಲ್ ಎತ್ತಿಕೊಂಡು ಮುಂದಿನ ತೂತಿಗೆ ಹೋದಳು.

ಎಲ್ಲಾ ಗಟ್ಟಿಯಾದ ಮೇಲೆ ಅವಳು ಗೆಣ್ಣಿನಿಂದ ತಟ್ಟಿದಳು. ಈ ಸಲ ಮೂಲೆಯಿಂದ ಮೂಲೆಗೆ, ಮೇಲಿನಿಂದ ಕೆಳಗೆ, ಅಂಗುಲ ಅಂಗುಲ. ಟಣ್. ಎಲ್ಲಾ ಕಡೆ ಟಣ್. ಮೋಟರ್ ಕೂರುವ ಜಾಗಕ್ಕೆ ಒಂದು ತೊಲೆ ಬಿಗಿದು ನಾದಿನಿಯನ್ನು ಅದರ ಮೇಲೆ ಹತ್ತಿಸಿದರು. ಅವಳು ಎರಡು ಸಲ ಕುಪ್ಪಳಿಸಿ, "ನನ್ನ ಭಾರಕ್ಕೆ ತಡೀತು ಅಂದ್ರೆ ಇನ್ನು ಯಾವ ಮೋಟರ್ ಬೇಕಾದ್ರೂ ತೂಗುಹಾಕಿ" ಎಂದಳು.

ನೀರಿಗಿಳಿಸುವ ದಿನ ಕಟ್ಟೆಯ ತುಂಬ ಜನ. ಕೆಂಪು ಹೊಸದಾಗಿ ಹೊಳೆಯುತ್ತಿತ್ತು, ಪಕ್ಕದ ಬಿಳಿ ಪಟ್ಟೆಯನ್ನು ಗಂಡನೇ ಎಳೆದಿದ್ದ. ಮೇನೇಜರಮ್ಮ ಎರಡು ಮಾತು ಹೇಳಿ ಎಂದಾಗ ಟ್ಯಾಂಕಕ್ಕ ಚೀಲದಿಂದ ಆ ಪೊಟ್ಟಣ ತೆಗೆದಳು. ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದು ಈ ದೋಣಿಯ ಹಳೇ ಹಲಗೆ. ಅವತ್ತು ಮೋಟರ್ ಮುಳುಗಿದ್ದು ಡ್ರೈವರ್ ತಪ್ಪಲ್ಲ. ಅವರು ಹಾಕಿದ ಬೋಲ್ಟ್ ಜಾಗ ನೋಡಿ, ಇವತ್ತಿಗೂ ಹೊಸ ಮರದ ಹಾಗಿದೆ. ಇದು ನಾನು ಕೊರೆದ ತೂತು. ಟ್ಯಾಂಕಿಗೆ ಕೊರೆದ ಹಾಗೆ ಕೊರೆದು ಬಿಟ್ಟಿದ್ದೆ. ಕೊಳೆತಿದ್ದು ಇಲ್ಲಿಂದ. ಆಮೇಲೆ ಇದೇ ಜಾಗದಲ್ಲಿ ನಿಂತು, ನನ್ನದೇನೂ ತಪ್ಪಿಲ್ಲ ಅಂತ ಎದೆ ತಟ್ಟಿ ಹೇಳಿದೆ. ದಾಖಲೆ ಪುಸ್ತಕ ತರಿಸಿ. ಇದ್ದದ್ದು ಇದ್ದ ಹಾಗೆ ಬರೀಬೇಕು, ನಾನೇ ಸಹಿ ಹಾಕ್ತೀನಿ."

ಮೊದಲು ಬಾಯಿ ಬಿಟ್ಟವಳು ನಾದಿನಿ. "ಅಯ್ಯೋ ಅತ್ತಿಗೆ! ಇಷ್ಟು ವರ್ಷ ನಾನು ಬೋಟ್‌ಹೌಸಿನವರಿಗೆ ಹಾಕಿದ ಶಾಪ ಎಲ್ಲಾ ದಂಡ!" ಎಂದು ಹಣೆ ಚಚ್ಚಿಕೊಂಡಳು. ಜನ ಗೊಳ್ಳೆಂದರು. ಟ್ಯಾಂಕಕ್ಕನೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತಾ. ಮೇನೇಜರಮ್ಮ ಹಳೆಯ ಪುಸ್ತಕ ತರಿಸಿ "ಚಾಲಕನ ಅತಿವೇಗ" ಎಂಬುದನ್ನು ಹೊಡೆದುಹಾಕಿ, "ನಿರ್ಮಾಣ ದೋಷ. ಚಾಲಕನ ತಪ್ಪಿಲ್ಲ" ಎಂದು ಬರೆದಳು. ಟ್ಯಾಂಕಕ್ಕ ಸಹಿ ಹಾಕಿದಳು, ದೊಡ್ಡದಾಗಿ. ತಾನು ಮಾಡಿದ ಪ್ರತಿ ಟ್ಯಾಂಕಿನ ತಳಕ್ಕೂ ಹಾಕುತ್ತಿದ್ದ ಅದೇ ಸಹಿ.

ಅಷ್ಟರಲ್ಲಿ ಹಿಂದಿನಿಂದ ಮೋಟರ್ ಶುರುವಾದ ಸದ್ದು ಕೇಳಿತು. ಗಂಡ ಆಗಲೇ ಸ್ಟೇರಿಂಗಿನ ಹಿಂದೆ ಕೂತಿದ್ದ. "ಬರ್ತೀಯಾ, ಇಲ್ಲಾ ಭಾಷಣಾನೇ ಮಾಡ್ತಿರ್ತೀಯಾ?" ಎಂದು ಕೂಗಿದ.

ಅವಳು ಹಿಂದಿನ ಸೀಟಿನಲ್ಲಿ ಕೂತು ಒಂದು ಕೈಯನ್ನು ಟ್ರಾನ್ಸಮ್ಮಿನ ಮೇಲಿಟ್ಟಳು. ದೋಣಿ ಮೂಗೆತ್ತಿ ಓಡಿತು. ಕಂಬ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಅವನು ನಿಧಾನ ಮಾಡುತ್ತಾನೆ ಎಂದು ಅವಳು ಕಾದಳು. ಅವನು ಮಾಡಲಿಲ್ಲ. ಒಂದು ಸಲ ಹಿಂದೆ ತಿರುಗಿ ಅವಳ ಮುಖ ನೋಡಿದ. ಅವಳೂ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕೈ ತಿರುಗಿತು. ದೋಣಿ ವಾಲಿತು, ನೀರು ಗೋಡೆಯಾಗಿ ಎದ್ದಿತು. ಹಲಗೆಯೊಳಗಿನಿಂದ ಮೋಟರಿನ ಇಡೀ ಎಳೆತ ಅವಳ ಅಂಗೈಗೆ ತಾಕಿತು. ಹಲಗೆ ಕದಲಲಿಲ್ಲ. ಕಟ್ಟೆಯಿಂದ ಚಪ್ಪಾಳೆ ಕೇಳಿಬಂತು. ಅವಳಿಗೆ ಹೆಮ್ಮೆಯಾಯಿತು. ಹಲಗೆಯ ಬಗ್ಗೆಯೂ ಆಯಿತು, ಆದರೆ ಮೊದಲು ಆದದ್ದು ಅವನ ಬಗ್ಗೆ.

ಸಂಜೆ ಇಬ್ಬರೂ ಸ್ಕೂಟರಿನಲ್ಲಿ ಮನೆಗೆ ಹೊರಟರು. ಬೇಕರಿ ಮೂಲೆ ಬಂತು. ಅಲ್ಲಿ ಕೂತವರು ತಮಾಷೆ ನೋಡಲು ಆಗಲೇ ಕುತ್ತಿಗೆ ಚಾಚಿದ್ದರು. ಟ್ಯಾಂಕಕ್ಕ ಅಭ್ಯಾಸದಂತೆ ಸೀಟಿನ ಅಂಚಿಗೆ ಜರುಗಿ ಇಳಿಯಲು ಒಂದು ಕಾಲು ಕೆಳಗೆ ಬಿಟ್ಟಳು.

"ಕಾಲು ಮೇಲಿಡು" ಎಂದ ಗಂಡ.

ಸ್ಕೂಟರ್ ವಾಲಿತು. ಅವಳು ಎರಡೂ ಕೈಯಿಂದ ಅವನ ಸೊಂಟ ಹಿಡಿದುಕೊಂಡಳು. ಮನೆ ಇದ್ದದ್ದು ಎಡಕ್ಕೆ. ಅವನು ಬಲಕ್ಕೆ ತಿರುಗಿಸಿದ್ದ. ಆ ಕಡೆಯಿಂದ ಹೋದರೆ ಇನ್ನೂ ಮೂರು ತಿರುವುಗಳಿದ್ದವು.